ಹೆಸರು, ವಿಳಾಸ, ಹಳೆಯ ಪ್ರತಿ: ಜಾಲತಾಣಗಳ ಸ್ಥಳಾಂತರದ ಇತಿಹಾಸದಲ್ಲಿ ಒಂದು ಸಮಸ್ಯೆ

1

ಜಾಲತಾಣವೊಂದನ್ನು ಹಳೆಯ ಸರ್ವರಿನಿಂದ ಹೊಸ ಸರ್ವರಿಗೆ ಸಾಗಿಸಿದ ಮೇಲೆ, ಅದೇ ಹೆಸರನ್ನು ಬರೆದು ಹುಡುಕಿದವರಲ್ಲಿ ಕೆಲವರಿಗೆ ಹೊಸ ತಾಣವೂ ಮತ್ತೆ ಕೆಲವರಿಗೆ ಹಳೆಯ ತಾಣವೂ ಕಾಣಿಸುವುದು ಇಂದು ಅಪರೂಪದ ಸಂಗತಿಯಲ್ಲ. ಇಂಥ ಸಂದರ್ಭದಲ್ಲಿ ದೊರೆಯುವ ಸಮಾಧಾನವೂ ಪರಿಚಿತವಾದುದೇ: ಬದಲಾವಣೆಯು ಜಗತ್ತಿನಾದ್ಯಂತ ಹರಡಬೇಕಾಗಿದೆ, ಒಂದೆರಡು ದಿನ ಕಾಯಬೇಕು. ಈ ಮಾತಿನಲ್ಲಿ ಕಾಯಬೇಕೆಂಬ ಭಾಗವು ಬಹುಮಟ್ಟಿಗೆ ಸರಿ. ಹರಡುತ್ತದೆಂಬ ಭಾಗವು ತಪ್ಪು. ಹೊಸ ವಿಳಾಸವು ಎಲ್ಲಿಗೂ ಹರಡಿಕೊಂಡು ಹೋಗುವುದಿಲ್ಲ. ಅಲ್ಲಲ್ಲಿ ಉಳಿದಿರುವ ಹಳೆಯ ಪ್ರತಿಗಳು ತಮ್ಮ ತಮ್ಮ ಅವಧಿ ತೀರಿದಂತೆ ಒಂದೊಂದಾಗಿ ಇಲ್ಲವಾಗುತ್ತವೆ. ಅವು ಇಲ್ಲವಾದ ಕಡೆ ಮಾತ್ರ ಹೊಸ ವಿಚಾರಣೆ ನಡೆದು ಹೊಸ ಉತ್ತರವು ಬರುತ್ತದೆ. ಆದಕಾರಣ ಇಂಥ ತೊಂದರೆಯನ್ನು ಪರಿಹರಿಸಹೊರಟವನು ಮೊದಲು ಕೇಳಬೇಕಾದ ಪ್ರಶ್ನೆ, ಬದಲಾವಣೆಯು ಎಲ್ಲಿಯವರೆಗೆ ತಲುಪಿತು ಎಂಬುದಲ್ಲ. ನಮ್ಮ ಮುಂದಿರುವ ಉತ್ತರವು ಯಾರ ಪ್ರತಿ, ಎಂದಿನ ಪ್ರತಿ, ಅದರ ಅವಧಿಯನ್ನು ಗೊತ್ತುಮಾಡಿದವರು ಯಾರು ಎಂಬುದು.

ಈ ಪ್ರಶ್ನೆಯು ಇತಿಹಾಸದ ವಿದ್ಯಾರ್ಥಿಗೆ ಹೊಸದಲ್ಲ. ಓಲೆಗರಿಯ ಪ್ರತಿಯನ್ನಾಗಲಿ ಶಾಸನದ ಪಾಠವನ್ನಾಗಲಿ ಕೈಗೆತ್ತಿಕೊಂಡಾಗ ನಾವು ಮಾಡುವ ಮೊದಲ ವಿಚಾರಣೆ ಇದೇ. ಆದುದರಿಂದ ತಂತ್ರಜ್ಞರ ಕ್ಷೇತ್ರಕ್ಕೆ ಸೇರಿದ ಈ ವಿಷಯವನ್ನು ಈ ಸಂಚಿಕೆಯಲ್ಲಿ ಪರಿಶೀಲಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ. ಇದಕ್ಕೆ ಪ್ರೇರಣೆಯಾದುದು ನಮ್ಮ ಅನುಭವಕ್ಕೆ ಬಂದ ಒಂದು ಸಣ್ಣ ಪ್ರಸಂಗ. ಅದನ್ನು ಮೊದಲು ನಿವೇದಿಸಿ, ಅನಂತರ ಅದರ ಹಿಂದಿರುವ ಇತಿಹಾಸವನ್ನು ನೋಡೋಣ.

2

ನಮ್ಮ ವಾರ್ಷಿಕ ವಿಚಾರಸಂಕಿರಣಕ್ಕೆ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳ ಸಾರಾಂಶಗಳನ್ನು ಜಾಲತಾಣದ ಮೂಲಕ ಕಳುಹಿಸುವ ವಾಡಿಕೆಯಿದೆ. ಅವನ್ನು ಓದಿ ಆರಿಸುವ ಹೊಣೆಯನ್ನು ನಿವೃತ್ತರಾದ ಹಿರಿಯ ಅಧ್ಯಾಪಕರೊಬ್ಬರು ಹೊತ್ತಿದ್ದಾರೆ. ಅವರ ಮನೆ ಮಹಾಲಕ್ಷ್ಮಿ ಲೇಔಟಿನಲ್ಲಿ, ಪ್ರಸನ್ನ ವೀರಾಂಜನೇಯ ಸ್ವಾಮಿಯ ದೇವಸ್ಥಾನಕ್ಕೆ ಸಮೀಪದಲ್ಲಿದೆ. ಸಾರಾಂಶಗಳನ್ನು ಸ್ವೀಕರಿಸುತ್ತಿದ್ದ ದಿನಗಳಲ್ಲಿಯೇ ಒಂದು ಭಾನುವಾರ ರಾತ್ರಿ ಎಂಟು ಗಂಟೆಗೆ ತಾಣವನ್ನು ಹೊಸ ಸರ್ವರಿಗೆ ಸಾಗಿಸಲಾಯಿತು. ಹಳೆಯ ಸರ್ವರು ಮುಂದಿನ ಶನಿವಾರದವರೆಗೆ ನಡೆಯತಕ್ಕದ್ದು, ಅಂದು ಅದನ್ನು ಅಳಿಸಿಹಾಕತಕ್ಕದ್ದು ಎಂದು ಗೊತ್ತಾಗಿತ್ತು.

ಗುರುವಾರ ಬೆಳಗ್ಗೆ ಹಿರಿಯರು ದೂರವಾಣಿಯಲ್ಲಿ, "ಎರಡೇ ಸಾರಾಂಶ ಬಂದಿವೆಯಲ್ಲಪ್ಪ, ಈ ಸಲ ಹುಡುಗರಿಗೆ ಉತ್ಸಾಹವಿಲ್ಲವೆ?" ಎಂದು ಕೇಳಿದರು. ಕಾಲೇಜಿನ ಗಣಕದಲ್ಲಿ ನಮಗೆ ಒಂಬತ್ತು ಕಾಣುತ್ತಿದ್ದವು. ಅವರು ಕಂಡ ಎರಡು ನಮ್ಮ ಒಂಬತ್ತರಲ್ಲಿಯೇ ಸೇರಿರಬೇಕೆಂದು ತಿಳಿದು ಹೆಸರುಗಳನ್ನು ಓದಿಸಿಕೊಂಡೆವು. ಆ ಎರಡು ಹೆಸರುಗಳೂ ನಮ್ಮ ಪಟ್ಟಿಯಲ್ಲಿ ಇರಲಿಲ್ಲ.

ಇದರ ಅರ್ಥವನ್ನು ತಿಳಿಯಬೇಕಾದರೆ ಹೆಸರಿನಿಂದ ವಿಳಾಸವನ್ನು ಕಂಡುಹಿಡಿಯುವ ಪದ್ಧತಿಯು ಹೇಗೆ ಬೆಳೆಯಿತೆಂಬುದನ್ನು ಅರಿಯುವುದು ಅವಶ್ಯಕ.

3

ಗಣಕಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯರಿಗೆ ನೆನಪಿನಲ್ಲಿ ಉಳಿಯುವುದು ಹೆಸರುಗಳು. ಇವೆರಡನ್ನೂ ಹೊಂದಿಸುವ ಪಟ್ಟಿಯೊಂದು ಅಮೆರಿಕದ ಅರ್ಪಾನೆಟ್ ಜಾಲದ ಕಾಲದಿಂದಲೇ ಬೇಕಾಗಿತ್ತು. 1970ರ ದಶಕದಲ್ಲಿ ಈ ಪಟ್ಟಿಯು ಒಂದೇ ಕಡತದ ರೂಪದಲ್ಲಿತ್ತು. ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನಲ್ಲಿ, ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯೆಂದು ಹೆಸರಾಗಿದ್ದ ಕೇಂದ್ರದಲ್ಲಿ ಎಲಿಜಬೆತ್ ಫೀನ್ಲರ್ ಅವರ ನೇತೃತ್ವದ ತಂಡವು ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಗಣಕವು ಜಾಲಕ್ಕೆ ಸೇರಿದಾಗ ಅದರ ಹೆಸರನ್ನೂ ಸಂಖ್ಯೆಯನ್ನೂ ಅಲ್ಲಿಗೆ ತಿಳಿಸಬೇಕು. ಅವರು ಕಡತವನ್ನು ತಿದ್ದುವರು. ಉಳಿದ ಕೇಂದ್ರಗಳವರು ಆಗಾಗ ಅದರ ಪ್ರತಿಯನ್ನು ತರಿಸಿಕೊಳ್ಳುವರು. ಇದು ಆಗಿನ ವ್ಯವಸ್ಥೆ.

ಗಣಕಗಳು ಕೆಲವೇ ನೂರು ಇದ್ದಾಗ ಈ ವ್ಯವಸ್ಥೆಯು ನಡೆಯಿತು. ಸಂಖ್ಯೆಯು ಹೆಚ್ಚಿದಂತೆ ದೋಷಗಳೂ ಹೊರಬಿದ್ದವು. ಎಲ್ಲರೂ ಒಂದೇ ಕಡೆಯಿಂದ ಪ್ರತಿಯನ್ನು ತರಿಸಬೇಕಾಗಿದ್ದುದರಿಂದ ಆ ಕೇಂದ್ರದ ಮೇಲಿನ ಭಾರ ಬೆಳೆಯಿತು. ಒಂದೇ ಹೆಸರನ್ನು ಇಬ್ಬರು ಬಯಸುವ ಪ್ರಸಂಗಗಳು ಬಂದವು. ಎಲ್ಲಕ್ಕಿಂತ ಮುಖ್ಯವಾಗಿ, ಮೂಲವನ್ನು ತಿದ್ದಿದರೂ ದೂರದ ಕೇಂದ್ರಗಳಲ್ಲಿದ್ದ ಪ್ರತಿಗಳು ಹಳೆಯವಾಗಿಯೇ ಉಳಿಯುತ್ತಿದ್ದವು. ತನ್ನ ಪ್ರತಿ ಹಳೆಯದಾಗಿದೆಯೆಂದು ತಿಳಿಯುವ ಸಾಧನವು ಆ ಪ್ರತಿಯೊಳಗೆ ಇರಲಿಲ್ಲ. ಈ ಕೊನೆಯ ದೋಷವನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ.

ಈ ಕೊರತೆಗಳನ್ನು ನೀಗಿಸಲು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಪಾಲ್ ಮೊಕಪೆಟ್ರಿಸ್ ಅವರು ಹೊಸ ಪದ್ಧತಿಯೊಂದನ್ನು ರೂಪಿಸಿದರು. ಆರ್.ಎಫ್.ಸಿ. ಎಂಬ ಪತ್ರಮಾಲೆಯ 882 ಮತ್ತು 883ನೆಯ ಸಂಖ್ಯೆಗಳಾಗಿ 1983ರ ನವೆಂಬರಿನಲ್ಲಿ ಅದು ಪ್ರಕಟವಾಯಿತು. 1987ರ ನವೆಂಬರಿನಲ್ಲಿ 1034 ಮತ್ತು 1035ನೆಯ ಪತ್ರಗಳು ಇವುಗಳ ಸ್ಥಾನಕ್ಕೆ ಬಂದವು. ಡೊಮೇನ್ ನೇಮ್ ಸಿಸ್ಟಮ್ ಅಥವಾ ಡಿ.ಎನ್.ಎಸ್. ಎಂದು ಕರೆಯಲ್ಪಡುವ ಪದ್ಧತಿಗೆ ಇಂದಿಗೂ ಆ ಎರಡು ಪತ್ರಗಳೇ ತಳಹದಿ.

4

ಹೊಸ ಪದ್ಧತಿಯಲ್ಲಿ ಎರಡು ತತ್ತ್ವಗಳು ಮುಖ್ಯವಾದುವು. ಮೊದಲನೆಯದು ಅಧಿಕಾರದ ಹಂಚಿಕೆ. ಇದನ್ನು ನಮ್ಮ ಅಂಚೆಯ ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡಿನ ಕ್ರಮದಲ್ಲಿ ಮಹಾಲಕ್ಷ್ಮಿಪುರದ ಅಂಚೆಯ ಸಂಖ್ಯೆ 560086. ಇದರ ಮೊದಲ ಅಂಕಿಯು ದಕ್ಷಿಣದ ಒಂದು ವಲಯವನ್ನೂ, ಮೊದಲ ಮೂರು ಅಂಕಿಗಳು ಕಾಗದಗಳನ್ನು ವಿಂಗಡಿಸುವ ಜಿಲ್ಲೆಯನ್ನೂ, ಕೊನೆಯ ಮೂರು ಅಂಕಿಗಳು ಅಂಚೆ ಕಚೇರಿಯನ್ನೂ ತಿಳಿಸುತ್ತವೆ. ದೆಹಲಿಯಲ್ಲಿ ಕಾಗದವನ್ನು ವಿಂಗಡಿಸುವವನಿಗೆ ಮಹಾಲಕ್ಷ್ಮಿ ಲೇಔಟಿನ ಅಡ್ಡರಸ್ತೆಗಳ ಪರಿಚಯ ಬೇಕಿಲ್ಲ; ಬೆಂಗಳೂರಿಗೆ ಕಳುಹಿಸಿದರೆ ಸಾಕು. ಡೊಮೇನ್ ಹೆಸರಿನಲ್ಲಿಯೂ ಇದೇ ಕ್ರಮ, ಆದರೆ ಬಲದಿಂದ ಎಡಕ್ಕೆ. ಮೂಲದಲ್ಲಿರುವ ರೂಟ್ ಸರ್ವರುಗಳು 'ಇನ್' ಅಥವಾ 'ಕಾಮ್' ಎಂಬ ವಲಯವನ್ನು ನೋಡಿಕೊಳ್ಳುವವರು ಯಾರೆಂಬುದನ್ನು ಮಾತ್ರ ಹೇಳುತ್ತವೆ. ಆ ವಲಯದವರು ನಿರ್ದಿಷ್ಟ ಹೆಸರಿಗೆ ಅಧಿಕೃತವಾದ ನೇಮ್‌ಸರ್ವರ್ ಯಾವುದೆಂದು ಹೇಳುತ್ತಾರೆ. ಕೊನೆಗೆ ಆ ನೇಮ್‌ಸರ್ವರು ತಾಣದ ವಿಳಾಸವನ್ನು ಹೇಳುತ್ತದೆ.

ಭಾರತದ 'ಇನ್' ಎಂಬ ವಲಯವು ಈ ವ್ಯವಸ್ಥೆಯಲ್ಲಿ ನೊಂದಾಯಿತವಾದುದು 1989ರಲ್ಲಿ. ಅದಕ್ಕೆ ಮೂರು ವರ್ಷಗಳ ಹಿಂದೆ, 1986ರಲ್ಲಿ, ಅರ್ನೆಟ್ ಎಂಬ ವಿದ್ಯಾಸಂಸ್ಥೆಗಳ ಜಾಲವು ಪ್ರಾರಂಭವಾಗಿತ್ತು. ಅದರಲ್ಲಿ ಮೊದಲಿಗೆ ಭಾಗವಹಿಸಿದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತುದು 1995ರ ಆಗಸ್ಟ್ 15ರಿಂದ. ಅಂದರೆ ಜನಸಾಮಾನ್ಯರು ಜಾಲವನ್ನು ಕಾಣುವ ವೇಳೆಗೆ ಹೆಸರುಗಳ ಈ ಪದ್ಧತಿಯು ನಮ್ಮ ನಗರದ ವಿದ್ವಾಂಸರಿಗೆ ಪರಿಚಿತವಾಗಿಯೇ ಇದ್ದಿತು.

ಎರಡನೆಯ ತತ್ತ್ವವೇ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಪ್ರತಿಯೊಂದು ಸಲವೂ ಮೂಲದಿಂದ ಕೇಳುತ್ತ ಬರುವುದು ಸಾಧ್ಯವಲ್ಲವಾದುದರಿಂದ, ನಮ್ಮ ಪರವಾಗಿ ವಿಚಾರಿಸುವ ರಿಸಾಲ್ವರ್ ಎಂಬ ಸರ್ವರು ತನಗೆ ಬಂದ ಉತ್ತರದ ಪ್ರತಿಯನ್ನು ಕೆಲಕಾಲ ಇಟ್ಟುಕೊಳ್ಳುತ್ತದೆ. ಎಷ್ಟು ಕಾಲ ಎಂಬುದನ್ನು ಗೊತ್ತುಮಾಡುವವನು ಪ್ರತಿಯನ್ನು ಇಟ್ಟುಕೊಂಡವನಲ್ಲ, ಮೂಲದ ಒಡೆಯ. ಪ್ರತಿಯೊಂದು ಉತ್ತರದ ಜೊತೆಯಲ್ಲಿಯೂ ಅದರ ಆಯುಸ್ಸು ಸೆಕೆಂಡುಗಳ ಲೆಕ್ಕದಲ್ಲಿ ಬರೆದಿರುತ್ತದೆ, ಇದನ್ನು ಟಿ.ಟಿ.ಎಲ್. ಎನ್ನುತ್ತಾರೆ. 86400 ಎಂದಿದ್ದರೆ ಒಂದು ದಿನ, 300 ಎಂದಿದ್ದರೆ ಐದು ನಿಮಿಷ. ನಮ್ಮ ದಾನಶಾಸನಗಳು ಆಚಂದ್ರಾರ್ಕವಾಗಿ ನಡೆಯಬೇಕೆಂದು ಬರೆಯಿಸಲ್ಪಟ್ಟವು. ಡಿ.ಎನ್.ಎಸ್. ಪದ್ಧತಿಯ ಉತ್ತರಗಳಾದರೋ ತಮ್ಮ ಅವಸಾನದ ಗಳಿಗೆಯನ್ನು ತಾವೇ ಹೇಳಿಕೊಂಡು ಹೊರಡುತ್ತವೆ. ಹಳೆಯ ಕಡತದಲ್ಲಿ ಇಲ್ಲದಿದ್ದುದು ಇದೇ.

ಸ್ಥಳಾಂತರದ ಸಮಸ್ಯೆಯನ್ನು ಈ ಪದ್ಧತಿಯ ಕರ್ತೃಗಳು ಮುಂಗಾಣದೆ ಇರಲಿಲ್ಲ. ಬದಲಾವಣೆಯು ಮುಂಚಿತವಾಗಿ ತಿಳಿದಿದ್ದರೆ ಟಿ.ಟಿ.ಎಲ್. ಅವಧಿಯನ್ನು ಮೊದಲೇ ತಗ್ಗಿಸಿ, ಬದಲಾವಣೆಯು ಮುಗಿದ ಮೇಲೆ ಹಿಂದಿನಂತೆ ಏರಿಸಬಹುದೆಂದು 1987ರ 1034ನೆಯ ಪತ್ರದಲ್ಲಿಯೇ ಸೂಚಿಸಲಾಗಿದೆ. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ತಗ್ಗಿಸಿದ ಅವಧಿಯು ಅನಂತರ ಹೊರಡುವ ಪ್ರತಿಗಳಿಗೆ ಮಾತ್ರ ಅನ್ವಯಿಸುತ್ತದೆ. ಆಗಲೇ ಹೊರಟುಹೋದ ಪ್ರತಿಗಳು ಹಳೆಯ ಅವಧಿಯನ್ನೇ ಅನುಸರಿಸುತ್ತವೆ. ಆದುದರಿಂದ ಹಳೆಯ ಅವಧಿಯು ಒಂದು ದಿನವಾಗಿದ್ದರೆ ಸ್ಥಳಾಂತರಕ್ಕೆ ಒಂದು ದಿನಕ್ಕಿಂತ ಮುಂಚೆಯೇ ಅದನ್ನು ತಗ್ಗಿಸಬೇಕು. ಸಾಗಿಸಿದ ಮೇಲೆ ತಗ್ಗಿಸುವುದು ವ್ಯರ್ಥ. ವಿಳಾಸವನ್ನಲ್ಲದೆ ನೇಮ್‌ಸರ್ವರುಗಳನ್ನೇ ಬದಲಾಯಿಸಿದರೆ ಮೇಲಿನ ವಲಯದವರು ಗೊತ್ತುಮಾಡಿದ ಅವಧಿಯೂ ಲೆಕ್ಕಕ್ಕೆ ಬರುತ್ತದೆ. 'ಕಾಮ್' ವಲಯದಲ್ಲಿ ಈ ಅವಧಿ 172800 ಸೆಕೆಂಡು, ಅಂದರೆ ಎರಡು ದಿನ. ಜನರ ಬಾಯಲ್ಲಿರುವ 48 ಗಂಟೆಗಳ ಮಾತಿಗೆ ಇಂಥ ಕಡೆ ಒಂದು ಆಧಾರವುಂಟು. ಆದರೆ ಎಲ್ಲ ಬದಲಾವಣೆಗಳಿಗೂ ಅದು ಅನ್ವಯಿಸದು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಉತ್ತರವನ್ನು ಮಾತ್ರವಲ್ಲದೆ ಉತ್ತರವಿಲ್ಲವೆಂಬುದನ್ನೂ ರಿಸಾಲ್ವರುಗಳು ನೆನಪಿನಲ್ಲಿಟ್ಟುಕೊಳ್ಳುತ್ತವೆ. 1998ರ 2308ನೆಯ ಪತ್ರವು ಇದರ ನಿಯಮಗಳನ್ನು ಖಚಿತಪಡಿಸಿತು. ಹೊಸ ಹೆಸರನ್ನು ಬರೆದಿಡುವುದಕ್ಕೆ ಮೊದಲೇ ಆತುರದಿಂದ ಅದನ್ನು ಹುಡುಕಿದವನಿಗೆ, ಬರೆದಿಟ್ಟ ಮೇಲೆಯೂ ಸ್ವಲ್ಪಕಾಲ ಇಲ್ಲವೆಂಬ ಉತ್ತರವೇ ಬರುವುದಕ್ಕೆ ಕಾರಣ ಇದು.

5

ತಿಳಿಯದವರು ಮಾಡುವ ಸ್ಥಳಾಂತರದಲ್ಲಿ ಮಾತ್ರ ಹಳೆಯ ಪ್ರತಿಗಳು ಕಾಡುತ್ತವೆಂದು ಭಾವಿಸಬಾರದು. ಇಡೀ ಪದ್ಧತಿಗೆ ಮೂಲವಾದ ರೂಟ್ ಸರ್ವರುಗಳೇ ಹಲವು ಸಲ ವಿಳಾಸವನ್ನು ಬದಲಾಯಿಸಿವೆ. ಎ ಇಂದ ಎಂ ವರೆಗಿನ ಅಕ್ಷರಗಳಿಂದ ಗುರುತಿಸಲ್ಪಡುವ ಹದಿಮೂರು ಹೆಸರುಗಳಲ್ಲಿ ಜೆ 2002ರಲ್ಲಿಯೂ, ಎಲ್ 2007ರಲ್ಲಿಯೂ, ಡಿ 2013ರಲ್ಲಿಯೂ, ಎಚ್ 2015ರಲ್ಲಿಯೂ, ಬಿ 2017ರಲ್ಲಿ ಒಮ್ಮೆ ಮತ್ತು 2023ರ ನವೆಂಬರಿನಲ್ಲಿ ಇನ್ನೊಮ್ಮೆ ಹೊಸ ವಿಳಾಸವನ್ನು ಪಡೆದವು. ಇವುಗಳ ವಿಳಾಸಗಳು ರಿಸಾಲ್ವರುಗಳ ತಂತ್ರಾಂಶದ ಜೊತೆಯಲ್ಲಿಯೇ ಒಂದು ಪಟ್ಟಿಯಾಗಿ ಬರುತ್ತವೆ. ಆ ಪಟ್ಟಿಗೆ ತಾನಾಗಿ ತೀರುವ ಅವಧಿಯಿಲ್ಲ. ಪರಿಣಾಮವಾಗಿ ಸ್ಥಳಾಂತರವಾಗಿ ಬಹುಕಾಲ ಕಳೆದ ಮೇಲೆಯೂ ಹಳೆಯ ವಿಳಾಸಗಳಿಗೆ ವಿಚಾರಣೆಗಳು ಬರುತ್ತಲೇ ಇದ್ದುದನ್ನು ಪರಿಶೀಲಕರು ಕಂಡಿದ್ದಾರೆ.

ಎಲ್ ಸರ್ವರಿನ ಪ್ರಸಂಗವು ವಿಶೇಷವಾಗಿ ಗಮನಾರ್ಹವಾದುದು. 2007ರ ನವೆಂಬರ್ 1ರಂದು ಅದರ ವಿಳಾಸವು ಬದಲಾದ ಮೇಲೆ ಅಧಿಕೃತ ಸಂಸ್ಥೆಯು ಹಳೆಯ ವಿಳಾಸವನ್ನೂ ಕೆಲವು ತಿಂಗಳು ನಡೆಸಿತು. ಇತರ ಕೆಲವರೂ ಅದೇ ಹಳೆಯ ವಿಳಾಸದಲ್ಲಿ ತಮ್ಮ ಸರ್ವರುಗಳನ್ನಿಟ್ಟು ಉತ್ತರ ಕೊಡುತ್ತಿದ್ದರೆಂಬುದು 2008ರಲ್ಲಿ ಬೆಳಕಿಗೆ ಬಂದಿತು. ಅವರು ಸುಳ್ಳು ಉತ್ತರಗಳನ್ನು ಕೊಟ್ಟುದಕ್ಕೆ ಸಾಕ್ಷ್ಯ ದೊರೆಯಲಿಲ್ಲ. ಆದರೆ ಕೊಡಬಯಸಿದ್ದರೆ ತಡೆಯುವವರು ಯಾರೂ ಇರಲಿಲ್ಲವೆಂಬುದೇ ಆತಂಕಕ್ಕೆ ಕಾರಣವಾಯಿತು. ಗಂಗರ ತಾಮ್ರಶಾಸನಗಳ ಪ್ರಾಮಾಣ್ಯವನ್ನು ಕುರಿತು ರೈಸ್ ಮತ್ತು ಫ್ಲೀಟ್ ಅವರ ನಡುವೆ ನಡೆದ ವಾದವನ್ನು ಓದಿದವರಿಗೆ ಈ ಆತಂಕದ ಸ್ವರೂಪವು ತಿಳಿಯುವುದು ಕಷ್ಟವಲ್ಲ. ಉತ್ತರವು ಸರಿಯಾಗಿ ತೋರುವುದು ಬೇರೆ, ಅದನ್ನು ಕೊಟ್ಟವನಿಗೆ ಕೊಡುವ ಅಧಿಕಾರವಿದ್ದುದು ಬೇರೆ.

ಈ ಪಾಠವನ್ನು ಕಲಿತುದರಿಂದಲೇ ಇತ್ತೀಚಿನ ಸ್ಥಳಾಂತರಗಳಲ್ಲಿ ಹಳೆಯ ವಿಳಾಸವನ್ನು ದೀರ್ಘಕಾಲ ನಡೆಸುವ ಕ್ರಮವಿದೆ. 2023ರಲ್ಲಿ ಬಿ ಸರ್ವರಿನ ವಿಳಾಸವನ್ನು ಬದಲಾಯಿಸಿದವರು ಹಳೆಯದನ್ನೂ ಕಡಮೆಯೆಂದರೆ ಒಂದು ವರ್ಷ ನಡೆಸುವುದಾಗಿ ಮೊದಲೇ ತಿಳಿಸಿದ್ದರು. ನಮ್ಮ ಸುತ್ತಲಿನ ಲೋಕವ್ಯವಹಾರವೂ ಇದಕ್ಕೆ ಹೊರತಲ್ಲ. ನಮ್ಮ ನಗರದ ಹೆಸರು ಇಂಗ್ಲಿಷಿನಲ್ಲಿಯೂ ಬೆಂಗಳೂರು ಎಂದಾದುದು 2014ರ ನವೆಂಬರ್ 1ರಂದು. ನಗರದ ರೈಲು ನಿಲ್ದಾಣಕ್ಕೆ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಆದರೂ ರೈಲ್ವೆಯವರ ಸಂಕೇತಾಕ್ಷರಗಳು ಎಸ್.ಬಿ.ಸಿ. ಎಂದೇ ಇವೆ. ಅಲ್ಲಿ ಹೆಸರು ಬದಲಾಗಿ ಸಂಕೇತವು ಉಳಿಯಿತು. ಜಾಲತಾಣದಲ್ಲಿ ಹೆಸರು ಉಳಿದು ಸಂಖ್ಯೆಯು ಬದಲಾಗುತ್ತದೆ. ಎರಡು ಕಡೆಯೂ ಹಳೆಯದು ಆಜ್ಞೆಯ ದಿನದಂದೇ ಮರೆಯಾಗುವುದಿಲ್ಲ.

6

ಈಗ ಮಹಾಲಕ್ಷ್ಮಿ ಲೇಔಟಿನ ಮನೆಗೆ ಮರಳೋಣ. ಗುರುವಾರ ಮಧ್ಯಾಹ್ನ ನಾವು ಅಲ್ಲಿಗೆ ಹೋಗಿ ವಿಚಾರಣೆಯನ್ನು ಮೂಲದಿಂದ ಆರಂಭಿಸಿದೆವು.

ಮೊದಲಿಗೆ, ಅಧಿಕೃತ ನೇಮ್‌ಸರ್ವರುಗಳನ್ನು ನೇರವಾಗಿ ಕೇಳಲಾಯಿತು. ಎಲ್ಲವೂ ಹೊಸ ವಿಳಾಸವನ್ನೇ ಹೇಳಿದವು. ಆದುದರಿಂದ ಮೂಲದಲ್ಲಿ ದೋಷವಿಲ್ಲ. ಎರಡನೆಯದಾಗಿ, ಮೇಲಿನ ವಲಯದವರ ದಾಖಲೆಯಲ್ಲಿ ಅದೇ ನೇಮ್‌ಸರ್ವರುಗಳ ಹೆಸರಿದೆಯೇ ಎಂದು ನೋಡಿದೆವು, ಇದ್ದಿತು. ಮೂರನೆಯದಾಗಿ, ಮನೆಗೆ ಇಂಟರ್‌ನೆಟ್ ಒದಗಿಸುವವರ ರಿಸಾಲ್ವರನ್ನು ಕೇಳಿದೆವು. ಅದು ಕೊಟ್ಟುದೂ ಹೊಸ ವಿಳಾಸವೇ. ಹಳೆಯ ಟಿ.ಟಿ.ಎಲ್. 86400 ಇದ್ದುದರಿಂದ ಸೋಮವಾರ ರಾತ್ರಿ ಎಂಟರ ವೇಳೆಗೆ ಹಳೆಯ ಪ್ರತಿಗಳ ಅವಧಿಯು ಮುಗಿದಿರಬೇಕು. ಗುರುವಾರದಂದು ಅವುಗಳ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ನಾಲ್ಕನೆಯದಾಗಿ, ಅದೇ ಮನೆಯ ರೌಟರಿಗೆ ಸೇರಿದ ಮೊಬೈಲಿನಲ್ಲಿ ತಾಣವನ್ನು ತೆರೆದಾಗ ಹೊಸದೇ ಕಾಣಿಸಿತು. ಆದಕಾರಣ ರೌಟರಿನ ದೋಷವೂ ಅಲ್ಲ. ಉಳಿದುದು ಹಿರಿಯರ ಗಣಕವೊಂದೇ.

ಆ ಗಣಕದಲ್ಲಿಯೇ ವಿಚಿತ್ರವಾದ ವಿರೋಧವು ಕಂಡುಬಂದಿತು. ಎನ್‌ಎಸ್‌ಲುಕಪ್ ಎಂಬ ಸಾಧನದಿಂದ ಕೇಳಿದರೆ ಹೊಸ ವಿಳಾಸ. ಪಿಂಗ್ ಎಂಬ ಸಾಧನದಿಂದ ಕೇಳಿದರೆ ಹಳೆಯ ವಿಳಾಸ. ಗಣಕದ ಕ್ಯಾಶನ್ನು ಖಾಲಿಮಾಡಿದರೂ ಇದು ಬದಲಾಗಲಿಲ್ಲ. ಈ ವಿರೋಧವೇ ಉತ್ತರವನ್ನು ತೋರಿಸಿಕೊಟ್ಟಿತು. ಎನ್‌ಎಸ್‌ಲುಕಪ್ ನೇರವಾಗಿ ಡಿ.ಎನ್.ಎಸ್. ಸರ್ವರನ್ನು ಕೇಳುತ್ತದೆ. ಪಿಂಗ್ ಸಾಧನವೂ ಬ್ರೌಸರೂ ಅದಕ್ಕೆ ಮೊದಲು ಗಣಕದಲ್ಲಿರುವ ಒಂದು ಸಣ್ಣ ಕಡತವನ್ನು ನೋಡುತ್ತವೆ. ಅದರ ಹೆಸರು ಹೋಸ್ಟ್ಸ್. ಮೆನ್ಲೋ ಪಾರ್ಕಿನಿಂದ ಪ್ರತಿ ತರಿಸಿಕೊಳ್ಳುತ್ತಿದ್ದ ಆ ಹಳೆಯ ಪಟ್ಟಿಯ ವಂಶದ ಕಡತವಿದು. ಡಿ.ಎನ್.ಎಸ್. ಬಂದು ನಾಲ್ಕು ದಶಕಗಳು ಕಳೆದರೂ ನಮ್ಮ ಮೇಜಿನ ಮೇಲಿನ ಗಣಕಗಳಲ್ಲಿ ಇದು ಇನ್ನೂ ಇದೆ. ಅದರಲ್ಲಿ ಬರೆದುದಕ್ಕೆ ಮೊದಲ ಮನ್ನಣೆಯೂ ಇದೆ.

ತೆರೆದು ನೋಡಿದಾಗ ನಮ್ಮ ತಾಣದ ಹೆಸರೂ ಹಳೆಯ ಸರ್ವರಿನ ವಿಳಾಸವೂ ಒಂದು ಸಾಲಿನಲ್ಲಿ ಬರೆದಿದ್ದವು. ಕೆಲವು ವರ್ಷಗಳ ಹಿಂದೆ ಇದೇ ತಾಣವನ್ನು ಇನ್ನೊಮ್ಮೆ ಸಾಗಿಸಿದಾಗ, ಹೊಸ ಸರ್ವರನ್ನು ಇತರರಿಗಿಂತ ಮೊದಲು ನೋಡಿ ಪರೀಕ್ಷಿಸಲೆಂದು ಆ ಸಾಲನ್ನು ಸೇರಿಸಿ ಯಾರೋ ತೆಗೆಯುವುದನ್ನು ಮರೆತಿದ್ದರು. ಬರೆದ ದಿನ ಅದು ಸರಿಯಾಗಿತ್ತು. ಆ ಭಾನುವಾರದವರೆಗೂ ಸರಿಯಾಗಿಯೇ ಇತ್ತು. ಆದುದರಿಂದ ಅದರ ಇರವು ಯಾರಿಗೂ ತಿಳಿದಿರಲಿಲ್ಲ. ಆ ಸಾಲಿಗೆ ಟಿ.ಟಿ.ಎಲ್. ಇಲ್ಲ. ಎಷ್ಟು ದಿನ ಕಾದರೂ ಅದು ತಾನಾಗಿ ಅಳಿಯತಕ್ಕದ್ದಲ್ಲ.

ಆದರೆ ಆ ಎರಡು ಹೆಸರುಗಳ ವಿಷಯವೇನು? ಸೋಮವಾರ ಮಧ್ಯಾಹ್ನ, ರಿಸಾಲ್ವರುಗಳಲ್ಲಿ ಹಳೆಯ ಪ್ರತಿಯ ಅವಧಿ ಇನ್ನೂ ಮುಗಿಯದಿದ್ದಾಗ, ಕುರುಬರಹಳ್ಳಿಯ ಒಂದೇ ಕೊಠಡಿಯಲ್ಲಿ ವಾಸಿಸುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ತಮ್ಮ ಸಾರಾಂಶಗಳನ್ನು ಕಳುಹಿಸಿದ್ದರು. ಅವು ಹಳೆಯ ಸರ್ವರಿಗೆ ಹೋಗಿ ಅಲ್ಲಿಯೇ ಉಳಿದವು. ಸ್ವೀಕರಿಸಲಾಯಿತೆಂಬ ಒಕ್ಕಣೆಯೂ ಅವರಿಗೆ ಬಂದಿತ್ತು. ಹೊಸ ಸರ್ವರನ್ನು ಮಾತ್ರ ನೋಡುತ್ತಿದ್ದ ನಮಗೆ ಅವು ಕಾಣುವ ಸಂಭವವೇ ಇರಲಿಲ್ಲ. ಹಿರಿಯರ ಗಣಕವು ದೋಷದಿಂದ ಹಳೆಯ ಸರ್ವರಿಗೇ ಅಂಟಿಕೊಂಡಿದ್ದುದರಿಂದ ಅವರ ಕಣ್ಣಿಗೆ ಬಿದ್ದವು. ಆ ಗಣಕವು ಸರಿಯಾಗಿದ್ದಿದ್ದರೆ, ಶನಿವಾರ ಹಳೆಯ ಸರ್ವರಿನೊಡನೆ ಅವೂ ಅಳಿಸಿಹೋಗುತ್ತಿದ್ದವು.

7

ಮೇಲಿನ ವಿಚಾರಣೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದಾಗಿದೆ. ಸ್ಥಳಾಂತರವು ಒಂದು ಗಳಿಗೆಯಲ್ಲಿ ನಡೆಯುವ ಘಟನೆಯಲ್ಲ. ಹಳೆಯದೂ ಹೊಸದೂ ಜೊತೆಯಲ್ಲಿ ನಡೆಯುವ ಒಂದು ಅವಧಿ. ಆ ಅವಧಿಯ ಉದ್ದವನ್ನು ಊಹಿಸಬೇಕಾಗಿಲ್ಲ, ಟಿ.ಟಿ.ಎಲ್. ನೋಡಿ ಲೆಕ್ಕ ಹಾಕಬಹುದು. ಅದು ಮುಗಿಯುವವರೆಗೆ ಹಳೆಯ ತಾಣದಲ್ಲಿ ಹೊಸ ಬರಹಗಳನ್ನು ಸ್ವೀಕರಿಸದಂತೆ ನಿಲ್ಲಿಸಬೇಕು, ಇಲ್ಲವೆ ಅಲ್ಲಿಗೆ ಬಂದುದನ್ನು ತಪ್ಪದೆ ಕೂಡಿಸಿಕೊಳ್ಳಬೇಕು. ನೇಮ್‌ಸರ್ವರುಗಳನ್ನು ಬದಲಾಯಿಸಿದಾಗ ಅಂಚೆಯ ದಾಖಲೆಗಳನ್ನು, ಎಂದರೆ ಇ-ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಸಾಲುಗಳನ್ನು, ಹೊಸದಕ್ಕೆ ನಕಲುಮಾಡಲು ಮರೆಯಬಾರದು. ಲೆಕ್ಕದ ಅವಧಿಯು ಮುಗಿದ ಮೇಲೆಯೂ ಹಳೆಯ ಉತ್ತರವೇ ಬರುತ್ತಿದ್ದರೆ ಕಾಯುವುದರಿಂದ ಪ್ರಯೋಜನವಿಲ್ಲ. ಅವಧಿಯಿಲ್ಲದ ಪ್ರತಿಯೊಂದು ಎಲ್ಲಿಯೋ ಇದೆಯೆಂದು ತಿಳಿದು ಹುಡುಕಬೇಕು.

ಹುಡುಕಿ ದೊರೆತ ಹಳೆಯ ಪ್ರತಿಯನ್ನು ಅಳಿಸುವುದಕ್ಕೆ ಮುಂಚೆ ಅದರಲ್ಲಿ ಏನಿದೆಯೆಂದು ಓದಬೇಕೆಂಬುದನ್ನು ಇತಿಹಾಸದ ಅಧ್ಯಾಪಕರಾಗಿ ನಾವು ಸೇರಿಸಬಯಸುತ್ತೇವೆ. ಪಾಠಾಂತರವು ಎಷ್ಟೇ ದೋಷಯುಕ್ತವಾಗಿರಲಿ, ಬೇರೆಲ್ಲಿಯೂ ಉಳಿಯದ ಸಾಲೊಂದು ಅದರಲ್ಲಿರುವುದುಂಟು. ಆ ಗುರುವಾರ ಸಂಜೆ ಎರಡು ಸಾರಾಂಶಗಳನ್ನೂ ಹೊಸ ಸರ್ವರಿಗೆ ವರ್ಗಾಯಿಸಿ, ಅನಂತರವೇ ಹೋಸ್ಟ್ಸ್ ಕಡತದ ಆ ಸಾಲನ್ನು ತೆಗೆದುಹಾಕಿದೆವು. ಮಾಗಡಿ ಸೀಮೆಯ ವೀರಗಲ್ಲುಗಳನ್ನು ಕುರಿತ ಪ್ರಬಂಧವು ಆ ಎರಡರಲ್ಲಿ ಒಂದು. ಹಿರಿಯರು ಅದನ್ನು ಆರಿಸಿದರು. ವಿಚಾರಸಂಕಿರಣದ ಎರಡನೆಯ ದಿನ ಅದು ಓದಲ್ಪಟ್ಟಿತು.